ಗಾಳಿಯ ಸುಳಿ ಎಷ್ಟು ದೊಡ್ಡದಾಗಬಹುದು? ಎಷ್ಟು ಚಿಕ್ಕದು?

ಮೋಡಪ್ರಿಯ:
ಬಯಲಲ್ಲಿ ಧೂಳು, ತರಗೆಲೆ ಎತ್ತಿಕೊಂಡು ಗಿರಗಿರ ತಿರುಗುತ್ತಲ್ಲ, ಆ ಸುಳಿಗಾಳಿ ಕೆಲವು ಮೀಟರ್ ಅಗಲ ಅಷ್ಟೆ. ಉಪಗ್ರಹದ ಚಿತ್ರದಲ್ಲಿ ಕಾಣುವ ಚಂಡಮಾರುತ ನೂರಾರು ಕಿಲೋಮೀಟರ್. ಎರಡೂ ಸುಳಿಯೇ ಅಲ್ವಾ? ಚಿಕ್ಕದೇ ಬೆಳೆದು ದೊಡ್ಡದಾಗುತ್ತಾ? ಮಿತಿ ಅಂತ ಏನೂ ಇಲ್ವಾ?

ಅರೆಬರೆ ಫಿಸಿಕ್ಸ್:
ಬೆಳೆಯೋದಕ್ಕಿಂತ ಒಡೆಯೋದೇ ಜಾಸ್ತಿ. ದೊಡ್ಡ ಸುಳಿ ಒಡೆದು ಚಿಕ್ಕ ಸುಳಿಗಳಾಗುತ್ತವೆ, ಅವು ಒಡೆದು ಇನ್ನೂ ಚಿಕ್ಕವು. ಹವಾಮಾನ ವಿಜ್ಞಾನಿ ರಿಚರ್ಡ್‌ಸನ್ ಇದನ್ನು 1922ರಲ್ಲೇ ಹೇಳಿದ್ದರು, ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1941ರಲ್ಲಿ ಲೆಕ್ಕಕ್ಕೆ ತಂದರು. ನೆಲದ ಹತ್ತಿರದ ಗಾಳಿಯಲ್ಲಿ ಸುಮಾರು 1 ಮಿಲಿಮೀಟರ್‌ಗೆ ಬಂದಾಗ ಆಟ ಮುಗಿಯಿತು. ಗಾಳಿಗೂ ಒಂಚೂರು ಅಂಟುತನ ಇದೆ, ಅಷ್ಟು ಪುಟ್ಟ ಸುಳಿ ಅದರ ಎದುರು ತಿರುಗಲಾರದೆ ಶಾಖವಾಗಿ ಕರಗಿಹೋಗುತ್ತದೆ.

ಉತ್ತರಧ್ರುವ_77:
ಮೇಲಿನದು ಸರಿ, ಆದರೆ ಎಲ್ಲ ಸುಳಿಗಳೂ ಒಂದೇ ಸರಪಳಿಯಲ್ಲಿಲ್ಲ. ಧೂಳಿನ ಸುಳಿ ಕಾದ ನೆಲದಿಂದ ಹುಟ್ಟುತ್ತದೆ, ಭೂಮಿ ತಿರುಗುವುದು ಅದಕ್ಕೆ ಗೊತ್ತೇ ಆಗಲ್ಲ, ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಅದು ಬೆಳೆದು ಚಂಡಮಾರುತ ಆಗುವುದಿಲ್ಲ. ಚಂಡಮಾರುತಕ್ಕೆ ಬೆಚ್ಚಗಿನ ಕಡಲು ಬೇಕು. 1979ರ ಟಿಪ್ ಅನ್ನೋ ಟೈಫೂನಿನ (ಪಶ್ಚಿಮ ಪೆಸಿಫಿಕ್ ಕಡಲಿನ ಚಂಡಮಾರುತಕ್ಕೆ ಹಾಗಂತಾರೆ) ಬಿರುಗಾಳಿ ಸುಮಾರು 2,200 ಕಿಲೋಮೀಟರ್ ಅಗಲಕ್ಕೆ ಹರಡಿತ್ತು, ಅದೇ ದಾಖಲೆ.

ಸಮಭಾಜಕಕ್ಕೂ ಧ್ರುವಕ್ಕೂ ನಡುವಿನ ಪ್ರದೇಶದಲ್ಲಿ ಬಿಸಿಗಾಳಿ, ತಣ್ಣನೆ ಗಾಳಿ ಪಕ್ಕಪಕ್ಕ ಇರುವುದರಿಂದ ಏಳುವ ಸುಳಿಗಳು ಬೇರೆ. ಅವುಗಳ ಅಳತೆ ಸಾವಿರ ಕಿಲೋಮೀಟರ್‌ನಿಂದ ಕೆಲವು ಸಾವಿರದವರೆಗೆ. ಹವಾಮಾನ ನಡೆಯುವ ಪದರದ ಎತ್ತರ ಮಾತ್ರ ಹತ್ತು ಕಿಲೋಮೀಟರ್ ಆಸುಪಾಸು, ಅಂದ್ರೆ ಅಗಲ ನೂರು ಪಾಲು ಜಾಸ್ತಿ. ನಾವು ಬುಗುರಿ ಥರ ಅಂದುಕೊಳ್ಳುತ್ತೇವೆ, ನಿಜಕ್ಕೂ ಅದು ತೆಳ್ಳಗಿನ ರಟ್ಟಿನ ತಟ್ಟೆ.

ಮೋಡಪ್ರಿಯ:
ಆ ಸಾವಿರ ಅನ್ನೋದು ಎಲ್ಲಿಂದ ಬಂತು?

ಉತ್ತರಧ್ರುವ_77:
ಪದರದ ಎತ್ತರವನ್ನು ಗಾಳಿ ಮೇಲೆ ಕೆಳಗೆ ತುಯ್ಯುವ ವೇಗದಿಂದ ಗುಣಿಸಿ, ಅಲ್ಲಿ ಭೂಮಿಯ ತಿರುಗುವಿಕೆಯ ಪರಿಣಾಮ ಎಷ್ಟೋ ಅದರಿಂದ ಭಾಗಿಸಿ. 10 ಕಿಲೋಮೀಟರ್ × ಸೆಕೆಂಡಿಗೆ 0.01 ÷ ಸೆಕೆಂಡಿಗೆ 0.0001 = 1,000 ಕಿಲೋಮೀಟರ್. ಇದಕ್ಕೆ ರಾಸ್‌ಬಿ ತ್ರಿಜ್ಯ ಅಂತಾರೆ. ಭೂಮಿ ಇನ್ನೂ ಜೋರಾಗಿ ತಿರುಗಿದ್ದರೆ ಈ ಸುಳಿಗಳು ಚಿಕ್ಕದಾಗಿರುತ್ತಿದ್ದವು.

ಮೋಡಪ್ರಿಯ:
ಅಯ್ಯೋ, ಜೋರಾಗಿ ತಿರುಗಿದರೆ ದೊಡ್ಡದಾಗುತ್ತೆ ಅಂತ ಉಲ್ಟಾ ಅಂದುಕೊಂಡಿದ್ದೆ!