ಸಹಾಯ ಬೇಕು: ಪೊಲೀಸ್ ಜೀಪೇ ಗುದ್ದಿದರೆ ದೂರು ಯಾರಿಗೆ ಕೊಡೋದು?

ನಮಸ್ಕಾರ್ರಿ. ನಾವು ವಿಜಯಪುರದ ಕಡೆಯವರು, ಪುಣೆಯಲ್ಲಿದ್ದೀವಿ. ಹೋದ ಮಂಗಳವಾರ ರಾತ್ರಿ ಸೋಲಾಪುರ ರಸ್ತೆಯಲ್ಲಿ ರಾಂಗ್ ಸೈಡಿನಿಂದ ಬಂದ ಪೊಲೀಸ್ ಜೀಪು ನಮ್ಮಪ್ಪನ ಸ್ಕೂಟರ್‌ಗೆ ಗುದ್ದಿತು. ಸೈರನ್ ಇಲ್ಲ, ಮೇಲಿನ ದೀಪ ಇಲ್ಲ, ಓಡಿಸ್ತಿದ್ದವರು ಫೋನಿನಲ್ಲಿ ಮಾತಾಡ್ತಿದ್ರು. ಅಪ್ಪನ ಕಾಲು ಮುರಿದು ರಾಡ್ ಹಾಕಿದ್ದಾರೆ. ಇಳಿದು ಒಂದು ಗುಟುಕು ನೀರು ಕೊಡೋ ಮನಸ್ಸೂ ಅವರಿಗೆ ಬರಲಿಲ್ಲ, ಅದನ್ನ ನೆನೆಸಿದ್ರೆ ಈಗಲೂ ಕಣ್ಣು ತುಂಬುತ್ತೆ.

ಠಾಣೆಗೆ ಮೂರು ಸಲ ಹೋದೆ. "ಸಾಹೇಬ್ರು ಬರ್ಲಿ" ಅಂತಾರೆ, ಎಫ್‌ಐಆರ್ ಮಾತ್ರ ಬರೀತಿಲ್ಲ. ಅಂಗಡಿಯ ಸಿಸಿಟಿವಿ ತುಣುಕು, 112ಕ್ಕೆ ಮಾಡಿದ ಕರೆ, ಆಸ್ಪತ್ರೆಯ ಎಂಎಲ್‌ಸಿ (ಅಪಘಾತದ ಕೇಸು ಅಂತ ಡಾಕ್ಟ್ರು ಬರೆದ ದಾಖಲೆ) ಎಲ್ಲಾ ಇವೆ.

ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು) ಕಲಂ 173(4)ರಲ್ಲಿ, ಠಾಣೆಯವರು ಬರೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿ ಅಂತಿದೆ. ಆದರೆ ಪುಣೆ ನಗರಕ್ಕೆ ಕಮಿಷನರ್, ಎಸ್‌ಪಿ ಇರೋದು ಗ್ರಾಮಾಂತರಕ್ಕೆ. ನನಗೆ ದಾರಿ ತೋಚದೆ ನಿಂತಿರೋದು ಇಲ್ಲೇ. ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 6 ತಿಂಗಳ ಗಡುವು ಬೇರೆ.

ನಗರದಲ್ಲಿ ಆ ದೂರನ್ನ ಡಿಸಿಪಿಗೆ ಕಳಿಸಬೇಕಾ, ಕಮಿಷನರ್‌ಗಾ? ಎಫ್‌ಐಆರ್ ಆಗೋ ಮುಂಚೆ ಪರಿಹಾರದ ಅರ್ಜಿ ಹಾಕಬಹುದಾ? ಗೊತ್ತಿರೋ ವಕೀಲರು, ಇದನ್ನ ಅನುಭವಿಸಿದವರು ದಯವಿಟ್ಟು ಹೇಳ್ರಿ.