ಜಪಾನಿ ಊಟ ಇಷ್ಟೇನಾ, ಇಲ್ಲ ನಮಗೆ ಸಿಕ್ಕಿದ್ದೇ ಹಾಗಾ?

ಹಸಿದಹೊಟ್ಟೆ:
ಹೆಂಡತಿಯ ಹುಟ್ಟುಹಬ್ಬ ಅಂತ ಮೊನ್ನೆ ಒಂದು ಸಣ್ಣ ಊರಿನ ಜಪಾನಿ ಹೋಟೆಲಿಗೆ ಹೋಗಿದ್ದೆವು. ಹೆಸರು ಬೇಡ, ಸುಮ್ನೆ ಅವರ ಹೊಟ್ಟೆ ಮೇಲೆ ಯಾಕೆ ಹೊಡೆಯೋದು. ಆ ಊರಿಗೆ ಅದೊಂದೇ ಜಪಾನಿ ಹೋಟೆಲ್. ಗಲ್ಲಾದ ಮೇಲೆ ಕೈ ಬೀಸುವ ಬೆಕ್ಕು, ಬಾಗಿಲಲ್ಲಿ ಕೆಂಪು ಕಾಗದದ ಲಾಟೀನು, ನೋಡೋಕೆ ಎಲ್ಲ ಸರಿಯಾಗೇ ಇತ್ತು. ಮೆನು ಮಾತ್ರ ಹದಿನಾಲ್ಕು ಪುಟ.

ಸುಶಿ ಬಂತು. ಬಾಯಿಗಿಟ್ಟರೆ ಅನ್ನ ಫ್ರಿಜ್‌ನಿಂದ ಆಗಷ್ಟೇ ತೆಗೆದ ಹಾಗೆ ತಣ್ಣಗೆ, ಒಂದೊಂದು ಅಗುಳೂ ಹಲ್ಲಿಗೆ ಗಟ್ಟಿಯಾಗಿ ಸಿಗುತ್ತಿತ್ತು, ಹುಳಿ ಇಲ್ಲ, ಸಿಹಿ ಇಲ್ಲ, ಏನೂ ಇಲ್ಲ. ಸಾಲ್ಮನ್ ಒಳಗೆ ಸಣ್ಣ ಐಸ್ ಚೂರು ಕಟಕ್ ಅಂದಿತು. ಟೆಂಪುರಾ ಅಂತ ಹಿಟ್ಟಿನಲ್ಲಿ ಅದ್ದಿ ಕರಿದ ಸೀಗಡಿ ಎತ್ತಿದರೆ ಹಿಟ್ಟಿನ ಅಂಗಿ ಕಡ್ಡಿಯಲ್ಲಿ, ಸೀಗಡಿ ತಟ್ಟೆಯಲ್ಲಿ. ಮಿಸೋ ಅನ್ನೋ ಹುದುಗಿಸಿದ ಸೋಯಾ ಮುದ್ದೆಯ ಸೂಪ್ ಕೊತಕೊತ ಕುದಿಯುತ್ತಲೇ ಬಂತು, ಕುಡಿದರೆ ಉಪ್ಪುನೀರು. ಇಡೀ ಊಟದಲ್ಲಿ ಜೀವ ಇದ್ದದ್ದು ವಸಾಬಿ ಅನ್ನೋ ಹಸಿರು ಖಾರದ ಮುದ್ದೆಗೆ ಮಾತ್ರ, ಮೂಗಿಗೆ ಸರಿಯಾಗಿ ಹೊಡೆಯಿತು.

ಮಾಣಿ ಬಂದು ಹೇಗಿದೆ ಸರ್ ಅಂದ. ಚೆನ್ನಾಗಿದೆ ಅಂದೆ. ಟೇಬಲ್ ಕೆಳಗೆ ಹೆಂಡತಿ ಕಾಲು ತುಳಿದಳು.

ನಾವು ಜಪಾನಿ ಊಟ ಮಾಡಿದ್ದೇ ಎರಡು ಮೂರು ಸಲ. ಗೊತ್ತಿರುವವರು ಹೇಳಿ, ಇದರಲ್ಲಿ ಯಾವುದು ಅವರ ತಪ್ಪು, ಯಾವುದು ನಮ್ಮ ನಾಲಿಗೆಯ ತಪ್ಪು?

ಮರದಸೌಟು:
ನಾಲ್ಕು ವರ್ಷ ಸುಶಿ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ಸುಶಿ ಅಂದ್ರೆ ಹಸಿ ಮೀನು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ವಿನೆಗರ್, ಸಕ್ಕರೆ, ಉಪ್ಪು ಹಾಕಿದ ಅನ್ನವೇ ಸುಶಿ, ಮೀನು ಆಮೇಲೆ. ನನ್ನನ್ನು ಮೊದಲ ಆರು ತಿಂಗಳು ಮೀನು ಮುಟ್ಟಲು ಬಿಡಲಿಲ್ಲ, ಬರೀ ಅಕ್ಕಿ ತೊಳೆಯೋದು. ಅನ್ನ ಬಿಸಿ ಇರುವಾಗಲೇ ಅಗಲವಾದ ಮರದ ತೊಟ್ಟಿಗೆ ಸುರಿದು, ಅದರ ಮೇಲೆ ವಿನೆಗರ್ ಹಾಕಿ, ಸೌಟಿನಿಂದ ಕಲಸದೆ ಕತ್ತರಿಸಿದ ಹಾಗೆ ಬಿಡಿಸುತ್ತಾ ಬೀಸಣಿಗೆಯಲ್ಲಿ ಗಾಳಿ ಹಾಕಬೇಕು, ಕಲಸಿದರೆ ಮುದ್ದೆಯಾಗುತ್ತದೆ. ಬಡಿಸುವಾಗ ಅದು ಹೆಚ್ಚುಕಡಿಮೆ ನಮ್ಮ ಮೈಯಷ್ಟು ಬೆಚ್ಚಗಿರಬೇಕು. ಫ್ರಿಜ್‌ಗೆ ಇಟ್ಟಿರೋ, ಅನ್ನದ ಪಿಷ್ಟ ಬಿಗಿದುಕೊಂಡು ಅಗುಳು ಗಟ್ಟಿಯಾಗುತ್ತದೆ. ನಿಮ್ಮ ಹಲ್ಲಿಗೆ ಸಿಕ್ಕಿದ್ದು ಅದೇ. ಬೆಳಗಿನದ್ದೋ, ಹಿಂದಿನ ದಿನದ್ದೋ. ಇದು ನೂರಕ್ಕೆ ನೂರು ಅವರ ತಪ್ಪು.

ಐಸ್ ವಿಷಯಕ್ಕೆ ಬಂದರೆ, ಮೀನನ್ನು ಫ್ರೀಜ್ ಮಾಡಿದ್ದು ತಪ್ಪಲ್ಲ. ಹಸಿಯಾಗಿ ತಿನ್ನುವ ಮೀನಿನಲ್ಲಿ ಹುಳ ಇದ್ದರೆ ಸಾಯಲಿ ಅಂತ ಬೇಕೆಂದೇ ಫ್ರೀಜ್ ಮಾಡುತ್ತಾರೆ. ಅಮೆರಿಕದ ಆಹಾರ ನಿಯಮದಲ್ಲಿ ಅದಕ್ಕೊಂದು ಅಳತೆಯೇ ಇದೆ, ಮೈನಸ್ 20 ಡಿಗ್ರಿಯಲ್ಲಿ 7 ದಿನ. ತಪ್ಪು ಎಲ್ಲಿ ಅಂದ್ರೆ ಕರಗಿಸಿದ್ದರಲ್ಲಿ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಖಾನೆಗೆ ಇಟ್ಟಿದ್ದರೆ ಕಟಕ್ ಅನ್ನುತ್ತಿರಲಿಲ್ಲ.

ವಸಾಬಿ ಬಗ್ಗೆ ಒಂದು ಬೇಜಾರಿನ ಸುದ್ದಿ. ನಿಮಗೆ ಇಷ್ಟವಾದ ಅದೊಂದೂ ಬಹುಶಃ ವಸಾಬಿ ಅಲ್ಲ. ಹೆಚ್ಚಿನ ಕಡೆ ಕೊಡೋದು ಹಾರ್ಸ್‌ರ್ಯಾಡಿಶ್ ಗಡ್ಡೆ, ಸಾಸಿವೆ, ಹಸಿರು ಬಣ್ಣ. ದೊಡ್ಡ ಊರುಗಳಲ್ಲೂ ಅಷ್ಟೇ, ಅದಕ್ಕೆ ಇವರನ್ನು ಬೈಯೋ ಹಾಗಿಲ್ಲ.

ಗಲ್ಲಾಪೆಟ್ಟಿಗೆ:
ಮರದಸೌಟು ಅವರೇ, ನೀವು ಹೇಳಿದ್ದೆಲ್ಲ ಸರಿ, ಆದರೆ ಸಣ್ಣ ಊರಲ್ಲಿ ಹೋಟೆಲ್ ಇಟ್ಟು ನೋಡಿ ಆಮೇಲೆ ಮಾತಾಡಿ. ನಾನು ಇಟ್ಟಿದ್ದೇನೆ, ಜಪಾನಿ ಅಲ್ಲ, ಆದರೂ ಕಷ್ಟ ಅದೇ. ನಾಲ್ಕು ಜನ ಒಟ್ಟಿಗೆ ಬಂದರೆ ಹಸಿ ಮೀನು ತಿನ್ನೋನು ಒಬ್ಬ. ಉಳಿದ ಮೂವರಿಗೆ ನೂಡಲ್ಸ್ ಬೇಕು, ಕರಿದ ಕೋಳಿ ಬೇಕು, ಮಗುವಿಗೆ ಇನ್ನೇನೋ ಬೇಕು. ಮೆನು ಹದಿನಾಲ್ಕು ಪುಟ ಆಗೋದು ಹೀಗೆ. ಜಪಾನಿನಲ್ಲಾದರೆ ಸುಶಿ ಅಂಗಡಿ ಬೇರೆ, ಟೆಂಪುರಾ ಅಂಗಡಿ ಬೇರೆ, ರಾಮೆನ್ ಅಂಗಡಿ ಬೇರೆ, ಒಬ್ಬೊಬ್ಬ ಒಂದೊಂದನ್ನೇ ಹಿಡಿದು ಕೂತಿರುತ್ತಾನೆ. ಅಷ್ಟು ಜನ ಇರುವಲ್ಲಿ ಅದು ನಡೆಯುತ್ತದೆ. ರಾತ್ರಿ ಆರು ಟೇಬಲ್ ತುಂಬದ ಕಡೆ ಉಳಿದ ಅನ್ನ ಎಸೆಯೋಕೆ ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಆದರೂ ಆ ಸೂಪಿಗೆ ಕ್ಷಮೆ ಇಲ್ಲ. ಅದಕ್ಕೆ ಗಿರಾಕಿ ಜಾಸ್ತಿ ಬೇಕಿಲ್ಲ, ತಾಜಾ ಮೀನೂ ಬೇಕಿಲ್ಲ. ಕೊಂಬು ಅನ್ನೋ ಒಣಗಿದ ಕಡಲಕಳೆ, ಹೊಗೆಯಲ್ಲಿ ಒಣಗಿಸಿದ ಮೀನಿನ ತೆಳು ಹೆರಕಲು, ಎರಡೂ ತಿಂಗಳುಗಟ್ಟಲೆ ಇರುತ್ತವೆ. ದಾಶಿ ಅನ್ನೋ ಸಾರು ಅರ್ಧ ಗಂಟೆಯ ಕೆಲಸ. 1908ರಲ್ಲಿ ಇಕೆದಾ ಅನ್ನೋ ಜಪಾನಿ ವಿಜ್ಞಾನಿ ಉಮಾಮಿ ಅನ್ನೋ ಐದನೇ ರುಚಿ ಕಂಡುಹಿಡಿದದ್ದೇ ಈ ಕೊಂಬು ಸಾರಿನಿಂದ. ಇವರು ಅದನ್ನೇ ಬಿಟ್ಟು ಬಿಸಿನೀರಿಗೆ ಮಿಸೋ ಕದಡಿದ್ದಾರೆ, ಮೇಲೆ ಕುದಿಸಿದ್ದಾರೆ ಬೇರೆ. ಒಲೆ ಆರಿಸಿದ ಮೇಲೆ ಮಿಸೋ ಹಾಕಬೇಕು, ಕುದಿಸಿದರೆ ಘಮ ಪೂರ್ತಿ ಹೋಗುತ್ತದೆ.

ತಣ್ಣನೆಯನೀರು:
ಟೆಂಪುರಾ ಬಗ್ಗೆ ಯಾರೂ ಹೇಳಲಿಲ್ಲ. ಹಿಟ್ಟನ್ನು ಜಾಸ್ತಿ ಕಲಸಿದ್ದಾರೆ. ಐಸ್ ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿ ಗಂಟು ಗಂಟಾಗೇ ಬಿಡಬೇಕು. ಸೀಗಡಿಯನ್ನು ಒರೆಸಿ, ಒಣ ಹಿಟ್ಟಿನಲ್ಲಿ ಹೊರಳಿಸಿ ಆಮೇಲೆ ಅದ್ದಬೇಕು, ಇಲ್ಲದಿದ್ದರೆ ಅಂಗಿ ಕಳಚುತ್ತದೆ. ಅಷ್ಟೇ.

ಕಡಲದಾರಿ:
ನಾನು ಗೊತ್ತಿಲ್ಲದ ಊರಿಗೆ ಹೋದರೆ ಮೊದಲು ಎರಡೇ ತುಂಡು ಸುಶಿ ತರಿಸುತ್ತೇನೆ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಕು ಅಂತಾರಲ್ಲ, ಅದು ಇಲ್ಲಿ ಅಕ್ಷರಶಃ ನಿಜ. ಅನ್ನ ಬೆಚ್ಚಗಿದ್ದರೆ ಮುಂದಕ್ಕೆ. ತಣ್ಣಗಿದ್ದರೆ ಸುಶಿ ಪುಟ ಮುಚ್ಚಿ, ಮಾಣಿಯನ್ನು ಕರೆದು ನೀವೆಲ್ಲ ರಾತ್ರಿ ಏನು ತಿಂತೀರಿ ಅಂತ ಕೇಳಿ ಅದನ್ನೇ ತರಿಸಿ.

ಮತ್ತೆ ಹಸಿದಹೊಟ್ಟೆ ಅವರೇ, "ಚೆನ್ನಾಗಿದೆ" ಅಂದಿರಲ್ಲ, ಅದು ನಿಮ್ಮ ತಪ್ಪು. ಅನ್ನ ತಣ್ಣಗಿದೆ ಅಂತ ಮೆಲ್ಲಗೆ ಹೇಳಿದ್ದರೆ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ.

ಹಸಿದಹೊಟ್ಟೆ:
ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಗೆ ಓದಿ ಹೇಳಿದೆ, ಕೊನೆಯ ಸಾಲನ್ನು ಎರಡು ಸಲ ಓದಿಸಿದಳು.

ಒಂದು ವಿಷಯ ಬರೆಯೋದು ಮರೆತಿದ್ದೆ. ನಾವು ಹೋದಾಗ ರಾತ್ರಿ ಒಂಬತ್ತೂವರೆ, ಇಡೀ ಹೋಟೆಲಲ್ಲಿ ನಾವಿಬ್ಬರೇ. ಬಿಲ್ಲಿಗೆ ಕಾಯುವಾಗ ಆ ಮಾಣಿ ಮೂಲೆಯ ಟೇಬಲ್‌ನಲ್ಲಿ ತನ್ನ ಊಟಕ್ಕೆ ಕೂತ. ಜಪಾನಿ ಕರಿ ರೈಸ್, ಹಬೆ ಆಡುತ್ತಿತ್ತು. ಘಮ ನಮ್ಮ ಟೇಬಲ್ ತನಕ ಬಂತು.