ಸಹಾಯ ಬೇಕು: ತಮ್ಮನ ಕೇಸು ಬರೀ ಮುಂದಕ್ಕೆ ಹೋಗುತ್ತಿದೆ

ಗುಂಪಿನಲ್ಲಿ ವಕೀಲರಿದ್ದರೆ ದಯವಿಟ್ಟು ಓದಿ. ನನ್ನ ತಮ್ಮ ಮನೆಗಳ್ಳತನದ ಕೇಸಿನಲ್ಲಿ 2022ರಿಂದ ಜೈಲಿನಲ್ಲಿದ್ದಾನೆ. ಹಿಂದೆ ಯಾವ ಕೇಸೂ ಇಲ್ಲ. ಜಾಮೀನು ಅರ್ಜಿ ಒಮ್ಮೆ ವಜಾ ಆಗಿದೆ. ತನಿಖಾಧಿಕಾರಿ ಸಾಕ್ಷಿ ಹೇಳಲು ಬರುವುದೇ ಇಲ್ಲ, ಒಮ್ಮೆ ಬಂದೋಬಸ್ತ್ ಡ್ಯೂಟಿ ಅಂತಾರೆ, ಇನ್ನೊಮ್ಮೆ ವರ್ಗಾವಣೆ ಅಂತಾರೆ, ಕೋರ್ಟ್ ಮತ್ತೆ ಡೇಟ್ ಕೊಡುತ್ತದೆ. ತಪ್ಪು ಮಾಡಿದ್ದರೆ ಶಿಕ್ಷೆ ಆಗಲಿ, ಆದರೆ ತೀರ್ಪೇ ಇಲ್ಲದೆ ಸುಮ್ನೆ ಒಳಗಿಡುವುದು ಅನ್ಯಾಯ ಅಲ್ವಾ?

ಬೇಗ ವಿಚಾರಣೆ ನಡೆಯುವುದು ಸಂವಿಧಾನದ 21ನೇ ವಿಧಿಯ ಹಕ್ಕು ಅಂತ ಸುಪ್ರೀಂ ಕೋರ್ಟ್ 1979ರಲ್ಲೇ ಬಿಹಾರದ ಹುಸೇನಾರಾ ಖಾತೂನ್ ಕೇಸಿನಲ್ಲಿ ಹೇಳಿದೆ. ಈಗಿನ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು) 479ನೇ ಸೆಕ್ಷನ್ ಪ್ರಕಾರ, ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಿನಲ್ಲಿ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಹಳೇ ಕೇಸುಗಳಿಗೂ ಇದು ಅನ್ವಯ ಅಂತ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಮ್ಮನ ಕೇಸಿಗೆ ಗರಿಷ್ಠ 7 ವರ್ಷ, ಆ ಲೆಕ್ಕ ಯಾವಾಗಲೋ ದಾಟಿದೆ.

ಇದಕ್ಕೆ ಜೈಲು ಸೂಪರಿಂಟೆಂಡೆಂಟ್ ಅರ್ಜಿ ಹಾಕಬೇಕು. ಅವರು ಹಾಕದಿದ್ದರೆ ನಾವೇ ಹಾಕಬಹುದಾ? ಇಷ್ಟು ತಿಂಗಳೊಳಗೆ ವಿಚಾರಣೆ ಮುಗಿಸಿ ಅಂತ ಹೈಕೋರ್ಟ್‌ನಿಂದ ಆದೇಶ ತಂದವರು ಯಾರಾದರೂ ಇದ್ದೀರಾ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಹೈಕೋರ್ಟ್ ಕೆಲಸವನ್ನೂ ನೋಡುತ್ತಾರಾ? ಅಮ್ಮ ತುಂಬಾ ಸೋತಿದ್ದಾರೆ, ಗೊತ್ತಿದ್ದವರು ತಿಳಿಸಿ.